ನಿಲ್ಲಬೇಕಾದ ಹಬ್ಬ

ಗೌರಮ್ಮ ಒಲೆಯೊಳಗಿನ ಸೌದೆಗಳನ್ನು ಒಂದೊಂದಾಗಿ ಹೊರಗೆಳೆದು, ಉರಿಯುವ ತುದಿಗಳನ್ನು ಬೂದಿಗೆ ಒತ್ತಿ ಆರಿಸುತ್ತಿದ್ದಳು. ದೊಡ್ಡ ತಪ್ಪಲೆಯಲ್ಲಿ ಬಾಡಿನ ಸಾರು, ಕೆಳಗೆ ಬೆಂಕಿ ಹೋದದ್ದು ತಿಳಿಯದ ಹಾಗೆ, ಇನ್ನೂ ಕುದಿಯುತ್ತಿತ್ತು. ಹೊರಗೆ ಜಗಲಿಯ ಮೇಲೆ ಅವಳ ಅತ್ತೆ ಸೊಣ್ಣಮ್ಮನ ಹೆಣವನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ಹೆಂಗಸರ ಅಳು ಬೀದಿಯ ಕೊನೆಯವರೆಗೂ ಕೇಳುತ್ತಿತ್ತು. ಗೌರಮ್ಮನಿಗೆ ಮಾತ್ರ ಇನ್ನೂ ಅಳು ಬಂದಿರಲಿಲ್ಲ.

ಅಂದು ಹೊಸತೊಡಕು. ಹಿಂದಿನ ದಿನ, ಶನಿವಾರ, ಯುಗಾದಿಯ ಬೇವುಬೆಲ್ಲವೂ ಒಬ್ಬಟ್ಟೂ ಮುಗಿದಿದ್ದವು. ಭಾನುವಾರ ಯಡಿಯೂರಿನ ಒಕ್ಕಲುಮನೆಗಳಲ್ಲೆಲ್ಲ ಬಾಡೂಟ. ಹಿರಿಯರು ನಡೆಸಿಕೊಂಡು ಬಂದ ಕಟ್ಟಳೆ ಒಂದಿತ್ತು: ಹಬ್ಬದ ದಿನ ಮನೆಯಲ್ಲಿ ಸಾವಾದರೆ ಆ ಹಬ್ಬ ಆ ವಂಶಕ್ಕೆ ನಿಂತುಹೋಗುತ್ತದೆ. ಮುಂದೆಂದಾದರೂ ಅದೇ ಹಬ್ಬದ ದಿನ ಮನೆಯಲ್ಲಿ ಮಗು ಹುಟ್ಟಿದರೆ, ಇಲ್ಲವೆ ಕೊಟ್ಟಿಗೆಯಲ್ಲಿ ಹಸು ಕರು ಹಾಕಿದರೆ, ಆಗಷ್ಟೇ ಅದು ಮರಳಿ ಬರುತ್ತದೆ. ಅಲ್ಲಿಯವರೆಗೆ ಊರೆಲ್ಲ ಉಂಡರೂ ಆ ಮನೆಯಲ್ಲಿ ಹಬ್ಬದ ಒಲೆ ಹೊತ್ತುವಂತಿಲ್ಲ. ಕೆಲವು ವಂಶಗಳಿಗೆ ಮೂರು ತಲೆಮಾರಿನಿಂದ ದೀಪಾವಳಿಯೇ ಇರಲಿಲ್ಲ.

ಹೊಸತೊಡಕು ನಿಂತರೆ ಈ ಮನೆಯಲ್ಲಿ ನಿಲ್ಲುವುದು ಒಂದು ಊಟ ಮಾತ್ರವಲ್ಲ ಎಂಬುದು ಗೌರಮ್ಮನಿಗೆ ಗೊತ್ತಿತ್ತು. ಕೊನೆಯ ಸೌದೆಯನ್ನು ಎಳೆದಳು. ಕುದಿ ನಿಧಾನವಾಗಿ ಇಳಿಯಿತು.

*

ಹೊಲಗಳೆಲ್ಲ ಜಯನಗರದ ಬಡಾವಣೆಗೆ ಹೋದ ಮೇಲೆ ಸೊಣ್ಣಮ್ಮನ ಹಿರಿಯ ಮಗ, ಗೌರಮ್ಮನ ಗಂಡ ಬೋರಣ್ಣ ಹಳೆಯ ಮನೆಯಲ್ಲೇ ಉಳಿದು ನಾಲ್ಕು ಎಮ್ಮೆ ಕಟ್ಟಿದ. ಕಿರಿಯವನು ಗಂಗಾಧರಯ್ಯ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತನಾಗಿ, ಒಂದು ಕಾಲಕ್ಕೆ ತಾವೇ ರಾಗಿ ಬಿತ್ತಿದ್ದ ನೆಲದ ಮೇಲೆ ತಾರಸಿಯ ಮನೆ ಕಟ್ಟಿದ. ಗೃಹಪ್ರವೇಶದ ದಿನ ಮೊದಲ ಪಂಕ್ತಿಗೆ ಕಚೇರಿಯ ಸಾಹೇಬರನ್ನು ಕೂರಿಸಿದ್ದರು. ಅದು ತಿಳಿಯದೆ ಬೋರಣ್ಣ ಒಂದು ಎಲೆಯ ಮುಂದೆ ಕುಳಿತ. ಯಾರೋ ಬಂದು, ಅಣ್ಣ, ನೀವು ಮನೆಯವರು, ಮುಂದಿನ ಪಂಕ್ತಿಗೆ ಕೂತ್ಕೊಳ್ಳಿ ಎಂದರು. ನೀರು ಚಿಮುಕಿಸಿ ಒರೆಸಿಟ್ಟ ಎಲೆಯ ಮುಂದಿನಿಂದ ಅವನು ಎದ್ದ. ಎದ್ದವನು ನೆಟ್ಟಗೆ ಯಡಿಯೂರಿಗೆ ನಡೆದ. ಹಾಗೆ ಹೇಳಿಸಿದವಳು ಗಂಗಾಧರಯ್ಯನ ಹೆಂಡತಿ ಅಂಜನಮ್ಮನೇ ಎಂದು ನಂಬಿ ಗೌರಮ್ಮ ಅಂದಿನಿಂದ ವಾರಗಿತ್ತಿಯೊಡನೆ ಬೇಕಾದಷ್ಟೇ ಮಾತು ಇಟ್ಟುಕೊಂಡಳು. ಅಣ್ಣತಮ್ಮಂದಿರಲ್ಲಿ ಅಷ್ಟೂ ಉಳಿಯಲಿಲ್ಲ.

ಸೊಣ್ಣಮ್ಮ ಯಾರನ್ನೂ ಬೈಯಲಿಲ್ಲ. ಕೆರೆ ಬಯಲಿನ ಸೊಪ್ಪನ್ನು ಮಂಕರಿಯಲ್ಲಿ ಹೊತ್ತು ಗಾಂಧಿಬಜಾರಿನಲ್ಲಿ ಮಾರಿ ಮಕ್ಕಳನ್ನು ಸಾಕಿದವಳು ಅವಳು. ಕೂಗಿದರೆ ಗಿರಾಕಿ ಬರುತ್ತಾನೆ, ಮಗ ಬರುವುದಿಲ್ಲ ಎಂದು ಅವಳಿಗೆ ತಿಳಿದಿತ್ತು. ಇಬ್ಬರಿಗೂ ಒಂದೇ ಮಾತು ಹೇಳಿಕಳಿಸಿದಳು. ಮುನ್ನೂರ ಅರವತ್ನಾಲ್ಕು ದಿನ ನಿಮ್ಮ ನಿಮ್ಮ ಸಿಟ್ಟು ನೀವು ಉಣ್ಣಿ; ಹೊಸತೊಡಕಿನ ದಿನ ನಿಮ್ಮಪ್ಪನ ಗಂಗಳದಲ್ಲಿ ಇಬ್ಬರೂ ಉಣ್ಣಬೇಕು, ಉಣ್ಣದವನು ನನ್ನ ಮಣ್ಣಿಗೆ ಬರಬಾರದು.

ಗಂಡಸರು ಇಬ್ಬರು ಎದುರುಬದುರು ಕುಳಿತು ಉಣ್ಣಬಹುದಾದ ಅಗಲದ ಕಂಚಿನ ತಟ್ಟೆ ಅದು. ಪ್ರತಿ ವರ್ಷವೂ ಅವರು ತಲೆ ಎತ್ತದೆ, ತುಟಿ ಬಿಚ್ಚದೆ ಉಂಡು ಏಳುತ್ತಿದ್ದರು. ಮುದ್ದೆಯ ನಡುವೆ ಹೊಲಕ್ಕೆ ಬದು ಹಾಕಿದಂತೆ ಒಂದು ಗೆರೆ ಬಿಟ್ಟು ಮುರಿಯುತ್ತಿದ್ದರು. ಆದರೆ ಕಳೆದ ವರ್ಷ ಸಾರು ಬಡಿಸಲು ಬಗ್ಗಿದ್ದ ಗೌರಮ್ಮ ಒಂದನ್ನು ಕಂಡಳು. ಬೋರಣ್ಣ ತನ್ನ ಕಡೆಯಲ್ಲಿದ್ದ, ಮಜ್ಜೆ ತುಂಬಿದ ನಲ್ಲಿಮೂಳೆಯನ್ನು ಒಂದೇ ಬೆರಳಿನಿಂದ ಗಂಗಳದ ಆ ಕಡೆಗೆ ತಳ್ಳಿದ. ಗಂಗಾಧರಯ್ಯ ಅದನ್ನು ನೋಡಿಯೂ ನೋಡದವನಂತೆ ಎತ್ತಿಕೊಂಡು ಚೀಪಿದ. ಒಲೆಯ ಬಳಿ ಕುಳಿತಿದ್ದ ಸೊಣ್ಣಮ್ಮ ಸೊಸೆಯ ಕಡೆ ನೋಡಿ, ಸುಮ್ಮನಿರು ಎಂಬಂತೆ ಕಣ್ಣು ಮುಚ್ಚಿ ತೆರೆದಳು.

*

ಹೊತ್ತೇರುವ ಹೊತ್ತಿಗೆ ವಂಶದ ಹಿರಿಯ ಚಿಕ್ಕಬೈರಪ್ಪ ಬಂದು ಜಗಲಿಯ ಕಂಬಕ್ಕೆ ಒರಗಿದ. ಸತ್ತವಳು ಅವನ ಅತ್ತಿಗೆ. ಬೋರಣ್ಣ ನಸುಕಿನ ಕತ್ತಲೆಯಲ್ಲೇ ಊರವರೊಡನೆ ಮರಿ ಕೊಯ್ದು ಪಾಲು ಹಾಕಲು ಹೋಗಿದ್ದವನು, ಮನೆಯ ಪಾಲನ್ನು ಮೊದಲೇ ಕಳಿಸಿ, ಸುದ್ದಿ ತಿಳಿದ ಮೇಲೆ ಓಡಿಬಂದಿದ್ದ; ಪಂಚೆಯ ಅಂಚಿನಲ್ಲಿ ಇನ್ನೂ ರಕ್ತದ ಕಲೆ ಇತ್ತು. ಗಂಗಾಧರಯ್ಯ ಮಕ್ಕಳೊಂದಿಗೆ ಆಗತಾನೆ ಬಂದು ಹೆಣದ ಇನ್ನೊಂದು ಮಗ್ಗುಲಲ್ಲಿ ನಿಂತಿದ್ದ. ಇಬ್ಬರ ನಡುವೆ ತಾಯಿ.

ಚಿಕ್ಕಬೈರಪ್ಪ ಗೌರಮ್ಮನನ್ನು ಕರೆಸಿದ. ಪ್ರಾಣ ಯಾವ ಹೊತ್ತಿನಲ್ಲಿ ಹೋಯಿತು ಎಂದು ಕೇಳಿದ.

"ಈಗ ಅದೆಲ್ಲ ಯಾಕೆ ಚಿಕ್ಕಪ್ಪ?" ಎಂದ ಗಂಗಾಧರಯ್ಯ.

"ನಿಮ್ಮ ಆಫೀಸ್ನಾಗೆ ರಿಜಿಸ್ಟ್ರು ಮಡಗ್ತೀರಲ್ಲ, ನಮ್ಗೆ ಇದೇ ರಿಜಿಸ್ಟ್ರು ಕಣಯ್ಯ. ನೀನು ಹೇಳವ್ವ."

ಗೌರಮ್ಮ ಸೆರಗನ್ನು ಹಣೆಯವರೆಗೆ ಎಳೆದುಕೊಂಡಳು.

"ಕೋಳಿ ಕೂಗೋ ಮುಂಚೇನೇ ಹೋಗಿರ್ಬೇಕು, ಮಾವ."

ಅಳು ತಟ್ಟನೆ ನಿಂತಿತು. ಚಿಕ್ಕಬೈರಪ್ಪನ ಹೆಂಡತಿ ಮುನಿತಾಯಮ್ಮ ಹೆಣದ ಬಳಿಯಿಂದ ತಲೆ ಎತ್ತಿದಳು. "ಮತ್ತೆ ಒಲೆ ಹಚ್ಚಿ ಬಾಡು ಬೇಯಿಸ್ತಿದ್ಯಲ್ಲೇ?"

ಮುಸುಕು ಹೊದ್ದು ಮಲಗಿದ್ದರು, ರಾತ್ರಿಯೆಲ್ಲ ಉಬ್ಬಸದಿಂದ ನರಳಿದ್ದರು, ನಿದ್ದೆ ಹತ್ತಿರಬೇಕೆಂದು ಎಬ್ಬಿಸಲಿಲ್ಲ ಎಂದಳು ಗೌರಮ್ಮ. ಹೇಳುತ್ತಿದ್ದಂತೆ ಸುತ್ತಲಿನ ಹೆಂಗಸರು ತನ್ನಿಂದ ಅರ್ಧ ಮೊಳ ಹಿಂದೆ ಸರಿದರೆಂದು ಅವಳಿಗೆ ಅನಿಸಿತು. ಬೋರಣ್ಣ ಹೆಂಡತಿಯನ್ನು ಗುರುತಿಲ್ಲದವಳಂತೆ ನೋಡಿದ. ನೀನು ಹೊರಟಾಗ ಹೇಗಿದ್ದಳು ಎಂದು ಚಿಕ್ಕಬೈರಪ್ಪ ಅವನನ್ನು ಕೇಳಿದ್ದಕ್ಕೆ, ಕತ್ತಲೆ, ನಾನು ನೋಡಲಿಲ್ಲ ಎಂದ.

"ನೋಡಿ ಹೇಳವ್ವ," ಎಂದ ಚಿಕ್ಕಬೈರಪ್ಪ. ದನಿ ಏರಿರಲಿಲ್ಲ. "ಹೊತ್ತು ಹುಟ್ಟಿದ ಮೇಲೆ ಹೋಗಿದ್ರೆ ಬಾಡಿನ ಹಬ್ಬ ನಿಲ್ತದೆ. ಮುಂಚೆ ಅಂದ್ರೆ ಅದು ನೆನ್ನೆ ಲೆಕ್ಕ. ಯುಗಾದಿ ನಿಂತೋಯ್ತದೆ. ಮಕ್ಳಿಗೆ ಹೊಸ ಬಟ್ಟೆ ಇಲ್ಲ, ಎಣ್ಣೆನೀರಿಲ್ಲ, ಒಬ್ಬಟ್ಟಿಲ್ಲ."

"ಗೊತ್ತು, ಮಾವ."

"ನಾನೇ ಕಾಲು ಹಿಡಿದು ಎತ್ತಿದ್ದು," ಎಂದಳು ಮುನಿತಾಯಮ್ಮ ಎಲ್ಲರಿಗೂ ಕೇಳುವಂತೆ. "ಮೈ ಬೆಚ್ಚಗಿತ್ತು. ಅಂಜನಿ ಬೆಳಿಗ್ಗೇನೇ ಬಂದಿದ್ಲಲ್ಲ, ಅವಳ್ನ ಕೇಳಿ."

ಗೌರಮ್ಮ ವಾರಗಿತ್ತಿಯ ಕಡೆ ನೋಡಲಿಲ್ಲ. ನೋಡಿದರೆ ಬೇಡಿದಂತಾಗುತ್ತಿತ್ತು.

*

ಆ ಬೆಳಿಗ್ಗೆ ಅಂಜನಮ್ಮ ಬಂದಾಗ ಬಿಸಿಲು ಹಿತ್ತಿಲ ಗೋಡೆಯಿಂದ ಕೆಳಗೆ ಇಳಿದಿತ್ತು. ಸೊಣ್ಣಮ್ಮ ಒಲೆಯ ಪಕ್ಕದ ಗೋಡೆಗೆ ಒರಗಿ ಕಾಲು ಚಾಚಿ ಕುಳಿತು, ಈರುಳ್ಳಿ ಸಿಪ್ಪೆ ಸುಲಿಯುತ್ತ, ಒಂದು ಬಿಡಿಸಿದ್ದಕ್ಕೆ ಎರಡು ಸಲ ಉಸಿರೆಳೆದುಕೊಳ್ಳುತ್ತಿದ್ದಳು. ಅಂಜನಮ್ಮ ಒರಳಿನ ಮುಂದೆ ಕುಳಿತು ಮಸಾಲೆ ರುಬ್ಬಿದಳು. ಸೊಣ್ಣಮ್ಮ ಬೆರಳ ತುದಿಗೆ ತೆಗೆದುಕೊಂಡು ನಾಲಗೆಗೆ ಹಚ್ಚಿ, ಚಕ್ಕೆ ಜಾಸ್ತಿಯಾಯಿತು, ಜಯನಗರದವರಿಗೆ ಘಮ ಬೇಕು, ರುಚಿ ಬೇಡ ಎಂದಳು. ಅಂಜನಮ್ಮ ನಕ್ಕಳು. ಗೌರಮ್ಮನಿಗೂ ನಗು ಬಂತು, ನುಂಗಿಕೊಂಡಳು.

ಬಾಡು ಒಲೆಯೇರಿತು. ಗೌರಮ್ಮ ತಪ್ಪಲೆಯಲ್ಲಿ ಸೌಟಾಡಿಸುತ್ತ, ಉಪ್ಪು ಎಷ್ಟು ಹಾಕಲಿ ಅತ್ತೆ ಎಂದು ಕೇಳಿದಳು. ಮರುಮಾತು ಬರಲಿಲ್ಲ. ಮತ್ತೊಮ್ಮೆ ಕೇಳಿ ತಿರುಗಿದಾಗ ಸೊಣ್ಣಮ್ಮನ ಮಡಿಲಲ್ಲಿ ಅರ್ಧ ಸುಲಿದ ಈರುಳ್ಳಿ ಇತ್ತು, ತಲೆ ಎದೆಯ ಮೇಲೆ ವಾಲಿತ್ತು. ಅದನ್ನು ಕಂಡವರು ಇಬ್ಬರೇ.

*

ಈಗ ಜಗಲಿಯ ಮೇಲೆ ಎಲ್ಲರ ಕಣ್ಣೂ ಅಂಜನಮ್ಮನ ಮೇಲಿತ್ತು. ಒಂದು ಮಾತಿನಿಂದ ಅವಳು ಗೌರಮ್ಮನನ್ನು ಇಡೀ ಯಡಿಯೂರಿನ ಎದುರು ಸುಳ್ಳಿ ಮಾಡಬಹುದಿತ್ತು. ಗೃಹಪ್ರವೇಶದ ಪಂಕ್ತಿಯ ಅಪವಾದಕ್ಕೆ ಅದಕ್ಕಿಂತ ಒಳ್ಳೆಯ ಉತ್ತರ ಅವಳಿಗೆ ಇನ್ನೆಂದೂ ಸಿಗುತ್ತಿರಲಿಲ್ಲ. ಗಂಗಾಧರಯ್ಯ ಹೆಂಡತಿಯ ಮುಖ ನೋಡಿದ. ಅವಳು ಅತ್ತೆಯ ಮುಖ ನೋಡುತ್ತಿದ್ದಳು.

"ಒಲೆ ಮಗ್ಗುಲಲ್ಲಿದ್ದೋರು, ಮೈ ಬೆಚ್ಚಗಿರ್ದೆ ಇನ್ನೇನು ಚಿಕ್ಕತ್ತೆ?" ಎಂದಳು ಅಂಜನಮ್ಮ.

"ನೀನು ಬಂದಾಗ ಮಾತಾಡುದ್ರಾ, ಇಲ್ವಾ? ಅಷ್ಟು ಹೇಳು," ಎಂದ ಚಿಕ್ಕಬೈರಪ್ಪ.

"ಮಾತಾಡ್ಸಿದೆ. ಮಾತಾಡ್ಲಿಲ್ಲ." ಎಂದಳು ಅಂಜನಮ್ಮ. "ಅಕ್ಕನೂ ನಾನೂ ಮಲಗವ್ರೆ ಅಂತ್ಲೇ ಮಸಾಲೆ ರುಬ್ಬುದ್ವಿ."

ಮುನಿತಾಯಮ್ಮ ಬಾಯಿಗೆ ಸೆರಗು ಹಿಡಿದಳು. ಅತ್ತೆಯ ಹೆಣದ ಮಗ್ಗುಲಲ್ಲಿ ಕುಳಿತು ಮಸಾಲೆ ಅರೆದ ಸೊಸೆಯರು ಎಂಬ ಮಾತು ಆ ಗಳಿಗೆಯಲ್ಲೇ ಬಾಯಿಂದ ಬಾಯಿಗೆ ಹೊರಟಿತು. ಇನ್ನು ಅದು ಮದುವೆಮನೆಯಲ್ಲಿ, ಬಾವಿಕಟ್ಟೆಯಲ್ಲಿ, ಅವರ ಹೆಣ್ಣುಮಕ್ಕಳಿಗೆ ಗಂಡು ನೋಡುವಾಗಲೂ ಹಿಂದೆ ಬರುತ್ತದೆಂದು ಇಬ್ಬರಿಗೂ ತಿಳಿದಿತ್ತು. ಗೌರಮ್ಮ ಆಗ ಅತ್ತಳು. ಗೋಡೆಗೆ ಹಣೆ ಹಚ್ಚಿ, ದನಿ ತೆಗೆದು, ಬೆಳಗಿನಿಂದ ತಡೆದದ್ದನ್ನೆಲ್ಲ ಅತ್ತಳು.

ಚಿಕ್ಕಬೈರಪ್ಪ ಬಹಳ ಹೊತ್ತು ಇಬ್ಬರನ್ನೂ ನೋಡಿದ. ಅವನು ನಂಬಿದನೋ ಇಲ್ಲವೋ ಯಾರಿಗೂ ಗೊತ್ತಾಗಲಿಲ್ಲ. "ಹಂಗಾದ್ರೆ ಯುಗಾದಿ," ಎಂದು ಹೇಳಿ ಎದ್ದು, ಚಟ್ಟಕ್ಕೆ ಬಿದಿರು ತರಲು ಆಳು ಕಳಿಸಿದ.

ತಪ್ಪಲೆಯ ಸಾರನ್ನು ಹಿತ್ತಿಲಲ್ಲಿ ಗುಂಡಿ ತೋಡಿ ಸುರಿದರು. ಮಧ್ಯಾಹ್ನ ಕೆರೆಯ ಏರಿಯಾಚೆ, ಗಂಡನ ಸಮಾಧಿಯ ಪಕ್ಕದಲ್ಲಿ, ಸೊಣ್ಣಮ್ಮನನ್ನು ಮಣ್ಣು ಮಾಡಿದರು. ಚಟ್ಟದ ಮುಂದಿನ ಎರಡು ತುದಿಗೆ ಇಬ್ಬರು ಮಕ್ಕಳು ಹೆಗಲು ಕೊಟ್ಟಿದ್ದರು. ಹೆಜ್ಜೆ ಕೂಡಲಿಲ್ಲವಂತೆ, ಏರಿ ಹತ್ತುವಾಗ ಹೆಣ ಒಂದು ಕಡೆಗೆ ವಾಲಿ ಹಿಂದಿನವರು ಕೂಗಬೇಕಾಯಿತಂತೆ.

ಸಂಜೆಗೆ ಗಂಡಸರು ಕೆರೆಯಲ್ಲಿ ಮುಳುಗಿ, ಒದ್ದೆ ಬಟ್ಟೆಯಲ್ಲಿ ಬಂದು, ಸೊಣ್ಣಮ್ಮ ಉಸಿರು ಬಿಟ್ಟ ಜಾಗದಲ್ಲಿ ಇಟ್ಟ ದೀಪ ನೋಡಿದರು. ಗಂಗಾಧರಯ್ಯ ಹೊರಗೆ ಬಂದು ಚಪ್ಪಲಿ ಹುಡುಕುತ್ತಿದ್ದ. ಚಿಕ್ಕಬೈರಪ್ಪ ಬಾಗಿಲ ಮೇಲೆ ನೋಡಿ, ಯುಗಾದಿ ನಿಂತ ಮನೆಗೆ ಅದರ ತೋರಣ ಇರಬಾರದು, ಇಳಿಸಿ ಎಂದ.

ಬೋರಣ್ಣ ಹೊಸಿಲಿನ ಒಂದು ಬದಿಯಲ್ಲಿ ಮಣೆ ಇಟ್ಟು ಹತ್ತಿ ಮೊಳೆಗೆ ಕೈ ಹಾಕಿದ. ಅವನ ಕಡೆಯ ಗಂಟು ಬಿಚ್ಚಿತು. ತೋರಣ ಬಾಗಿಲಿಗೆ ಅಡ್ಡವಾಗಿ ಜೋತುಬಿತ್ತು. ಗಂಗಾಧರಯ್ಯ ಕಾಲಿಗೆ ಹಾಕಿದ್ದ ಚಪ್ಪಲಿಯನ್ನು ಬಿಟ್ಟು ಬಂದು, ಮುಂಗಾಲ ಮೇಲೆ ನಿಂತು ಇನ್ನೊಂದು ತುದಿಯನ್ನು ಹಿಡಿದು ಎಳೆದ.

"ಎಳೀಬೇಡ," ಎಂದ ಬೋರಣ್ಣ, ಬಾಗಿಲಿನ ಕಡೆ ನೋಡುತ್ತಲೇ. "ಗಂಟು ಬಿಚ್ಚು."

ಅಡಿಗೆಮನೆಯಿಂದ ಗೌರಮ್ಮನೂ ಅಂಜನಮ್ಮನೂ ನೋಡುತ್ತಿದ್ದರು. ಗಂಟು ಬಿಚ್ಚಲು ಹೊತ್ತು ಹಿಡಿಯಿತು. ಬಿಚ್ಚಿದ ಮೇಲೆ ಅಣ್ಣತಮ್ಮಂದಿರು ದಾರದ ಎರಡು ತುದಿ ಹಿಡಿದು ಹೊಸಿಲಿನ ಆಚೆಗೊಬ್ಬ ಈಚೆಗೊಬ್ಬ ನಿಂತರು. ನೆನ್ನೆ ಕಟ್ಟಿದ ಮಾವಿನ ಎಲೆಗಳು ಇನ್ನೂ ಹಸಿರಾಗಿಯೇ ಇದ್ದವು. ಅದನ್ನು ಎಲ್ಲಿ ಇಡಬೇಕೆಂದು ಇಬ್ಬರಿಗೂ ತೋಚದೆ, ತೋರಣ ಅವರ ನಡುವೆ ತೂಗುತ್ತಿತ್ತು.