ಕೀಮನ್ ಫಕೀರಪ್ಪನ ಕಾಲು ಸುತ್ತು

ನಾನು ಹುಟ್ಟಿದ್ದು ಪಂಜಾಬಿನ ಒಂದು ಕಾರ್ಖಾನೆಯಲ್ಲಿ. ಕೊಳವೆಗಳನ್ನು ಕಾಯಿಸಿ ಬೆಸೆದರು, ಕಪ್ಪು ಬಣ್ಣದಲ್ಲಿ ಅದ್ದಿದರು, ಅದೇ ದಿನ ಹುಟ್ಟಿದ ನೂರಾರು ಅಣ್ಣತಮ್ಮಂದಿರ ಜೊತೆ ಗೂಡ್ಸ್ ಗಾಡಿಗೆ ತುಂಬಿದರು. ಗದಗಿಗೆ ಬಂದಾಗ ನಾನು ಬಿಡಿಬಿಡಿಯಾಗಿದ್ದೆ. ಅಂಗಡಿಯವನು ಜೋಡಿಸಿ ನಿಲ್ಲಿಸಿದ ಮೇಲೆಯೇ ನಾನೊಂದು ಸೈಕಲ್ಲು ಎಂಬುದು ನನಗೂ ತಿಳಿದದ್ದು.

ಒಂದು ಸಂಗತಿಯನ್ನು ಮೊದಲೇ ಹೇಳಿಬಿಡುತ್ತೇನೆ, ಮುಂದೆ ಬೇಕಾಗುತ್ತದೆ. ನನ್ನದು ಹಳೇ ಮಾದರಿಯ ಸರಳಿನ ಬ್ರೇಕು. ಬಲಗೈ ಹಿಡಿಕೆ ಒತ್ತಿದರೆ ಸರಳು ಮೇಲೆದ್ದು ಮುಂದಿನ ಚಕ್ರವನ್ನು ಹಿಡಿಯುತ್ತದೆ. ಎಡಗೈಯದು ಹಿಂದಿನ ಚಕ್ರವನ್ನು. ಮುಂದಿನ ಸರಳಿನ ಎರಡು ತುಂಡುಗಳನ್ನು ಒಂದಾಗಿ ಹಿಡಿದಿರುವುದು ಶೇಂಗಾ ಬೀಜದಷ್ಟು ದೊಡ್ಡ ಒಂದು ಬೋಲ್ಟು.

ನನ್ನ ಮೊದಲ ಯಜಮಾನ ಹೈಸ್ಕೂಲಿನ ಡ್ರಿಲ್ ಮಾಸ್ತರ. ಸಾಲಾಗಿ ನಿಂತ ಮಕ್ಕಳಲ್ಲಿ ಒಬ್ಬನ ಹೆಬ್ಬೆರಳು ಗೆರೆ ದಾಟಿದರೂ ಸಹಿಸದ ಮನುಷ್ಯ, ನನ್ನಲ್ಲಿ ಏನು ಕಳಚಿಬಿದ್ದರೂ ತಿರುಗಿ ನೋಡುತ್ತಿರಲಿಲ್ಲ. ನಾನು ಬರುವ ಸಪ್ಪಳ ಅರ್ಧ ಮೈಲಿಯಿಂದಲೇ ಕೇಳುತ್ತಿದ್ದರಿಂದ ಅವನಿಗೆ ಗಂಟೆ ಬಾರಿಸುವ ಶ್ರಮವೂ ಉಳಿಯಿತು. ಅವನಿಗೆ ಬೇರೆ ಊರಿಗೆ ವರ್ಗವಾದಾಗ ನಾನು ಅಣ್ಣಿಗೇರಿಯ ಫಕೀರಪ್ಪ ತಳವಾರನ ಕೈಗೆ ಬಂದೆ. ಸಡಿಲದಿಂದ ಬಿಗಿಗೆ ಬಂದೆ ಎಂದರೂ ಸರಿ.

ಫಕೀರಪ್ಪ ರೈಲ್ವೆಯಲ್ಲಿ ಕೀಮನ್. ಹಳಿಯನ್ನು ಹಿಡಿದಿಟ್ಟಿರುವ ಕೀಲಿಗಳನ್ನು ಕಾಯುವವನಿಗೆ ಹಾಗೆನ್ನುತ್ತಾರೆ. ದಿನಾ ಬೆಳಿಗ್ಗೆ ಹೆಗಲ ಮೇಲೆ ಸುತ್ತಿಗೆ, ಕಂಕುಳಲ್ಲಿ ಒಂದು ಕೆಂಪು ಒಂದು ಹಸಿರು ಬಾವುಟ. ಅದೇ ಆರು ಕಿಲೋಮೀಟರು ಹೋಗುವುದು, ಬರುವುದು. ಕೀಲಿಗೆ ಒಂದೇಟು ಹಾಕಿ ಕಿವಿ ಕೊಡುವನು. ಠಣ್ ಎಂದರೆ ಬಿಗಿ, ಮುಂದೆ ನಡೆ. ಠಪ್ ಎಂದರೆ ಸಡಿಲ, ಇನ್ನೆರಡು ಏಟು. ಮೂವತ್ತೊಂದು ವರ್ಷ ಅವನ ಪ್ರಪಂಚದಲ್ಲಿ ಇದ್ದದ್ದು ಈ ಎರಡೇ ಸಪ್ಪಳ.

ನನಗೂ ಅದೇ ಉಪಚಾರ. ದಿನಾ ಬೆಳಿಗ್ಗೆ ಸ್ಪಾನರಿನಿಂದ ಮೈಯೆಲ್ಲ ತಟ್ಟುವನು, ಠಣ್ ಎಂದರೂ ಸಮಾಧಾನವಿಲ್ಲದೆ ಪ್ರತಿ ಬೋಲ್ಟಿಗೂ ಕಾಲು ಸುತ್ತು ಬಿಗಿ ಕೊಡುವನು. ದಿನಕ್ಕೆ ಕಾಲು ಸುತ್ತಾದರೆ ತಿಂಗಳಿಗೆ ಎಷ್ಟಾಯಿತು ನೀವೇ ನೋಡಿ. ಹಳಿಯ ಕೀಲಿ ಎಷ್ಟು ಬಡಿದರೂ ತಡೆದುಕೊಳ್ಳುತ್ತದೆ. ನಾನು ಹಳಿಯಲ್ಲ.

ನಿವೃತ್ತನಾದ ಮರುವಾರ ಅವನು ಹೆಂಡತಿ ದ್ಯಾಮವ್ವನಿಗೆ ಹೇಳಿದ: "ನಾ ಘಟ್ಟ ಇಳದು ಸಮುದ್ರ ನೋಡಿ ಬರ್ತೀನಿ. ಸೈಕಲ್ ಮ್ಯಾಲೆ. ಒಬ್ಬನ."

"ಪುಗಸಟ್ಟೆ ಪಾಸ್ ಐತಿ. ರೈಲಿನಾಗ ಹೋಗ್ರಿ."

"ನನ್ನ ಕೀಲಿ ಮ್ಯಾಲೆ ಹೋದ ಗಾಡಿ ಎಲ್ಲಾ ಘಟ್ಟ ಇಳದು ಸಮುದ್ರ ಕಂಡ್ವು. ಗಾರ್ಡುಗೋಳು ಬಂದು ಬಂದು ಹೇಳ್ತಿದ್ರು, ಘಟ್ಟ ಇಳಿಯೂದು ಅಂದ್ರ ಏನಂತ. ರೈಲಿನಾಗ ಕುಂತ್ರ ಡ್ರೈವರ್ ಬ್ರೇಕ್ ಹಿಡೀತಾನ. ಬ್ರೇಕ್ ನಾ ಹಿಡೀಬೇಕು."

ದ್ಯಾಮವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. "ಹೋಗ್ರಿ. ಮೈಯಾಗ ಎಷ್ಟು ಎಲುಬು ಇಟಗೊಂಡು ಹೋಗ್ತೀರಿ, ಅಷ್ಟೂ ವಾಪಸ್ ತರ್ರಿ."

ಹೊರಟೆವು. ಹಿಂದಿನ ಕ್ಯಾರಿಯರಿಗೆ ರೊಟ್ಟಿ ಗಂಟು, ಶೇಂಗಾ ಚಟ್ನಿ, ಕಂಬಳಿ. ಸರ್ಕಾರ ಸುತ್ತಿಗೆಯನ್ನು ವಾಪಸು ಪಡೆದಿತ್ತು. ಹಳೆಯ ಕೆಂಪು ಬಾವುಟವನ್ನು ಮಾತ್ರ ಅವನು ಮರೆತಂತೆ ಮಾಡಿ ಇಟ್ಟುಕೊಂಡಿದ್ದ. ಅದನ್ನು ಸುತ್ತಿ ನನ್ನ ಹ್ಯಾಂಡಲ್ಲಿಗೆ ಸಿಕ್ಕಿಸಿದ. ಹಾವೇರಿ, ಶಿವಮೊಗ್ಗ, ತರೀಕೆರೆ. ಬಯಲು ಮುಗಿದು ನೆಲ ಮೇಲೇಳತೊಡಗಿತು. ಚಿಕ್ಕಮಗಳೂರಿನ ಏರುಗಳಲ್ಲಿ ಅವನು ನನ್ನನ್ನು ತುಳಿದದ್ದಕ್ಕಿಂತ ತಳ್ಳಿದ್ದು ಹೆಚ್ಚು. ಆರು ಕಿಲೋಮೀಟರು ದಾಟಿದಾಗಲೆಲ್ಲ ಒಮ್ಮೆ ನಿಂತು ಹಿಂದೆ ತಿರುಗಿ ನೋಡುವನು. ಅಲ್ಲಿಂದ ಮರಳುವುದು ಅವನ ಕಾಲುಗಳಿಗೆ ಅಭ್ಯಾಸವಾಗಿತ್ತು. ಆಮೇಲೆ ತನ್ನಷ್ಟಕ್ಕೆ ನಕ್ಕು ಮುಂದೆ ನಡೆಯುವನು. ಬೆಳಗಿನ ಕಾಲು ಸುತ್ತು ಮಾತ್ರ ಎಲ್ಲಿಯೂ ತಪ್ಪಲಿಲ್ಲ.

ಮೂಡಿಗೆರೆಯಲ್ಲಿ ಗಾಳಿ ತುಂಬಿಸಲು ನಿಂತೆವು. ಸೈಕಲ್ ಶಾಪಿನ ಹಮೀದ್ ಸಾಹೇಬರು ಕನ್ನಡಕ ಏರಿಸಿ ನನ್ನ ಮುಂದಿನ ಸರಳಿನ ಹತ್ತಿರ ಬಗ್ಗಿದರು. ಬಹಳ ಹೊತ್ತು ಏಳಲಿಲ್ಲ.

"ಯಜಮಾನ್ರೇ, ಯಾರು ಇದನ್ನ ಹಿಂಗೆ ಬಿಗಿದಿದ್ದು?"

"ನಾನ ರೀ."

"ಏನು ದ್ವೇಷ ಇತ್ತು ಇದರ ಮೇಲೆ? ಇನ್ನೊಂದ್ಸಲ ಸ್ಪಾನರ್ ಹಾಕಿದ್ರೆ ಥ್ರೆಡ್ ಕಿತ್ಕೊಂಡು ಬರುತ್ತೆ. ಈ ಸೈಜಿನ ಬೋಲ್ಟು ನನ್ನ ಹತ್ರ ಇಲ್ಲ. ನಾಳೆ ಸಂಜೆಗೆ ಚಿಕ್ಕಮಗಳೂರಿಂದ ತರಿಸ್ತೀನಿ, ಇದ್ದು ಹಾಕಿಸ್ಕೊಂಡು ಹೋಗಿ. ಮುಂದೆ ಚಾರ್ಮಾಡಿ ಘಾಟಿ. ತಮಾಷೆ ಅಲ್ಲ."

ಫಕೀರಪ್ಪ ಸ್ಪಾನರ್ ತೆಗೆದು ಬೋಲ್ಟಿಗೆ ಒಂದೇಟು ಹಾಕಿದ. ಠಣ್!

"ಕೇಳಿದ್ರಿ? ಈ ಸಪ್ಪಳ ನಂಬಿ ಮೂವತ್ತೊಂದು ವರ್ಷ ಗಾಡಿ ಬಿಟ್ಟೀನಿ."

"ನಿಮ್ಮ ಗಾಡೀಲಿ ಹೋದೋರ ಪುಣ್ಯ ದೊಡ್ಡದು ಬಿಡಿ," ಎಂದು ಸಾಹೇಬರು ಪಂಪು ಮಡಚಿಟ್ಟರು.

ಸಾಯುವಷ್ಟು ಬಿಗಿದ ಬೋಲ್ಟು ಚೆನ್ನಾಗಿರುವ ಬೋಲ್ಟಿಗಿಂತ ಚೊಕ್ಕವಾಗಿ ಠಣ್ ಎನ್ನುತ್ತದೆ. ಇದು ಸಾಹೇಬರಿಗೆ ಗೊತ್ತಿತ್ತು, ನನಗೆ ಗೊತ್ತಿತ್ತು. ಸಾಹೇಬರ ಮಾತನ್ನು ಅವನು ಕೇಳಲಿಲ್ಲ. ನನಗೆ ಮಾತು ಬರುವುದಿಲ್ಲ.

ಮರುದಿನ ಬೆಳಿಗ್ಗೆ ಕೊಟ್ಟಿಗೆಹಾರ. ರಸ್ತೆ ಅಲ್ಲಿಂದ ಕೆಳಗೆ ಜಾರುವ ಜಾಗದಲ್ಲಿ ಮಂಜು ನಿಂತಿತ್ತು. ಫಕೀರಪ್ಪ ಚಹಾ ಕುಡಿದು ಬಂದು ತಪಾಸಣೆಗೆ ಕುಳಿತ. ಆ ಬೋಲ್ಟಿಗೆ ಸ್ಪಾನರ್ ಹಾಕಿದ. ಬೇಡ, ಬೇಡ ಎಂದು ನಾನು ಅದನ್ನು ಬಿಗಿಯಾಗಿಯೇ ಹಿಡಿದುಕೊಂಡೆ. ಅವನು ಕಾಲು ಸುತ್ತು ತಿರುಗಿಸಿದ. ಒಳಗೆ ಏನೋ ಮೆತ್ತಗೆ ಹರಿಯಿತು. ಬೋಲ್ಟು ಬೆಣ್ಣೆಯಲ್ಲಿ ತಿರುಗಿದ ಹಾಗೆ ತಿರುಗಿತು.

"ನೋಡು ಮತ್ತ, ಸಡ್ಲ ಇತ್ತು!" ಎಂದ ಅವನು, ಸಾಹೇಬರನ್ನು ಗೆದ್ದ ಖುಷಿಯಲ್ಲಿ. ಇನ್ನೊಂದು ಕಾಲು ಸುತ್ತು ಕೊಟ್ಟ. ಈಗ ನನ್ನ ಮುಂದಿನ ಬ್ರೇಕು ಎರಡೇ ಎಳೆ ಥ್ರೆಡ್ಡಿನ ಮೇಲೆ ನಿಂತಿತ್ತು. ಹತ್ತಿ ಕುಳಿತ.

ಮೊದಲ ತಿರುವು ಸುಖವಾಗಿ ದಾಟಿತು. ಎರಡನೆಯದೂ ದಾಟಿತು. ಮಂಜಿನೊಳಗಿಂದ ನೀರಿನ ಸಪ್ಪಳ ಬರುತ್ತಿತ್ತು, ಅವನು ಏನನ್ನೋ ಗುನುಗುತ್ತಿದ್ದ. ಪ್ರತಿ ತಿರುವಿಗೂ ಬಲಗೈ ಒತ್ತುವನು. ಪ್ರತಿ ಒತ್ತಿಗೂ ಒಂದು ಕೂದಲೆಳೆಯಷ್ಟು ಸರಳು ಕಳಚುವುದು ನನಗೆ ತಿಳಿಯುವುದು. ಐದನೆಯ ತಿರುವಿಗೆ ಮೊದಲು ಅವನು ಬಲಗೈ ಒತ್ತಿದಾಗ ಟಕ್ ಎಂದಿತು. ಬೋಲ್ಟು ರಸ್ತೆಯ ಮೇಲೆ ಕುಣಿಯುತ್ತ ನಮಗಿಂತ ಮುಂದೆ ಹೋಯಿತು. ಹಿಡಿಕೆ ಸತ್ತ ಹಕ್ಕಿಯ ಹಾಗೆ ಅವನ ಕೈಯಲ್ಲಿ ಜೋತುಬಿತ್ತು.

ಗುನುಗು ನಿಂತಿತು.

ಎಡಗೈಯಿಂದ ಹಿಂದಿನ ಬ್ರೇಕು ಒತ್ತಿ ಹಿಡಿದ. ನಾನು ಹಿಡಿದುಕೊಂಡೆ, ಆಣೆ ಮಾಡಿ ಹೇಳುತ್ತೇನೆ, ನನ್ನ ಕೈಲಾದಷ್ಟು ಹಿಡಿದುಕೊಂಡೆ. ಆದರೆ ಇಳಿಜಾರಿನಲ್ಲಿ ಭಾರವೆಲ್ಲ ಮುಂದಿನ ಚಕ್ರದ ಮೇಲಿರುತ್ತದೆ. ರಬ್ಬರು ಸುಟ್ಟ ವಾಸನೆ ಎದ್ದಿತು. ಘಟ್ಟ ಇಳಿದ ಗಾಡಿಯ ಚಕ್ರಗಳು ಹೇಗೆ ನಾರುತ್ತವೆ ಎಂದು ಗಾರ್ಡುಗಳು ಹೇಳಿದ್ದನ್ನು ಅವನು ಈಗ ತನ್ನ ಮೂಗಿನಿಂದಲೇ ತಿಳಿದುಕೊಂಡ. ಚಪ್ಪಲಿ ಕಾಲನ್ನು ನೆಲಕ್ಕೆ ಊರಿದ. ಚಪ್ಪಲಿ ಹಿಂದೆ ಉಳಿಯಿತು. ನಮ್ಮ ಎಡಕ್ಕೆ ಗುಡ್ಡ, ಬಲಕ್ಕೆ ಮೋಟು ಗೋಡೆ, ಅದರಾಚೆ ಬರೀ ಮಂಜು. ಎದುರಿಗೆ ತಿರುವು. ತಿರುವಿನಲ್ಲಿ ಇಡೀ ರಸ್ತೆ ತನ್ನದೆಂಬಂತೆ ಮೇಲೇರಿ ಬರುತ್ತಿರುವ ಬಸ್ಸು.

ಎಡಗೈ ಬ್ರೇಕಿನ ಮೇಲಿತ್ತು. ಬಲಗೈಗೆ ಕೆಲಸವಿರಲಿಲ್ಲ. ಆ ಕೈ ಯಜಮಾನನ ಅಪ್ಪಣೆಗೂ ಕಾಯಲಿಲ್ಲ. ಹ್ಯಾಂಡಲ್ಲಿನಿಂದ ಬಾವುಟ ಕಿತ್ತು, ಒಂದೇ ಸಲಕ್ಕೆ ಝಾಡಿಸಿ ಬಿಚ್ಚಿ, ತಲೆಯ ಮೇಲೆ ಎತ್ತಿ ಹಿಡಿಯಿತು. ಮಂಜಿನಲ್ಲಿ ಕೆಂಪು ಬಟ್ಟೆ ಪಟಪಟ ಬಡಿಯಿತು.

ಘಾಟಿಯಲ್ಲಿ ಕೆಂಪು ಬಾವುಟ ಕಂಡರೆ ಮುಂದೆ ಗುಡ್ಡ ಕುಸಿದಿದೆ ಎಂದೇ ಲೆಕ್ಕ. ಡ್ರೈವರು ಎರಡೂ ಕಾಲು ಬ್ರೇಕಿನ ಮೇಲೆ ಹೇರಿರಬೇಕು. ಬಸ್ಸು ಕಿರುಚಿ ನಿಂತಿತು. ಅದು ನಮ್ಮ ಕಡೆಗೆ ಹೊರಳುವ ಮೊದಲೇ ನಿಂತದ್ದರಿಂದ ಗುಡ್ಡಕ್ಕೂ ಅದಕ್ಕೂ ನಡುವೆ ಎರಡು ಮೊಳ ಜಾಗ ಉಳಿಯಿತು. ನಾವು ಬಾವುಟ ಸಮೇತ ಅದರಲ್ಲಿ ತೂರಿ, ರಸ್ತೆ ರಿಪೇರಿಗೆಂದು ಸುರಿದಿದ್ದ ಜಲ್ಲಿ ರಾಶಿಗೆ ನುಗ್ಗಿದೆವು. ನನ್ನ ಮುಂದಿನ ಚಕ್ರ ಸೊಟ್ಟಗಾಯಿತು. ಅವನು ನನ್ನ ಮೇಲಿಂದ ಹಾರಿ ರಾಶಿಯ ಆಚೆ ಬಿದ್ದ.

ನಿರ್ವಾಹಕ ಮಂಗಳೂರು ಕಡೆಯವನು, ಓಡಿ ಬಂದ. "ಎಂತ ಅಜ್ಜ ಇದು! ನೀವು ರೈಲಾ, ಬಾವುಟ ಹಿಡ್ಕೊಂಡು ಬರ್ಲಿಕ್ಕೆ? ಜೀವ ಉಂಟಾ?"

ಫಕೀರಪ್ಪ ಜಲ್ಲಿಯ ಮೇಲೆ ಎದ್ದು ಕುಳಿತ. ಬಾವುಟ ಇನ್ನೂ ಕೈಯಲ್ಲೇ ಇತ್ತು. ಮೊದಲು ಅದನ್ನು ಸುತ್ತಿದ. ಆಮೇಲೆ ಕೇಳಿದ: "ನಿಮ್ಮ ಗಾಡಿ ಎಷ್ಟು ನಿಮಿಷ ಲೇಟ್ ಆತ್ರಿ?"

"ಮಾರಾಯ್ರೆ!" ಎಂದು ನಿರ್ವಾಹಕ ತಲೆ ಮೇಲೆ ಕೈ ಇಟ್ಟುಕೊಂಡ.

ಬಸ್ಸು ಹೋದ ಮೇಲೆ ಫಕೀರಪ್ಪ ಮೇಲಕ್ಕೆ ನಡೆದು, ಮೊದಲು ಬೋಲ್ಟು, ಆಮೇಲೆ ಚಪ್ಪಲಿ ಹುಡುಕಿ ತಂದ. ಬೋಲ್ಟನ್ನು ಕಲ್ಲಿನ ಮೇಲಿಟ್ಟು ಸ್ಪಾನರಿನಿಂದ ತಟ್ಟಿದ. ಠಣ್. ಇನ್ನೊಮ್ಮೆ ತಟ್ಟಿದ. ಠಣ್. ಬೆರಳಿನಿಂದ ಸವರಿದರೆ ಥ್ರೆಡ್ಡೇ ಇಲ್ಲ, ನುಣ್ಣಗೆ. ಮೂವತ್ತೊಂದು ವರ್ಷದ ಎಷ್ಟು ಠಣ್‌ಗಳು ಅವನ ತಲೆಯಲ್ಲಿ ಹಾದುಹೋದವೋ ನನಗೆ ತಿಳಿಯದು. ಕೊನೆಗೆ ನನ್ನ ಸೀಟಿನ ಮೇಲೆ ಕೈ ಇಟ್ಟು, "ತಪ್ಪಾತು," ಎಂದ.

ಉಳಿದ ಘಾಟಿಯನ್ನು ನಡೆದೇ ಇಳಿದೆವು. ಸೊಟ್ಟ ಚಕ್ರ ಸುತ್ತಿಗೊಮ್ಮೆ ಫೋರ್ಕಿಗೆ ತಾಗುತ್ತಿತ್ತು, ಅವನೂ ಒಂದು ಕಾಲು ಎಳೆಯುತ್ತಿದ್ದ. ಉಜಿರೆಯಲ್ಲಿ ಒಬ್ಬ ಮೆಕ್ಯಾನಿಕ್ ಚಕ್ರ ನೇರ ಮಾಡಿ ಹೊಸ ಬೋಲ್ಟು ತಂದ. ಫಕೀರಪ್ಪ ತನ್ನ ಸ್ಪಾನರನ್ನು ಅವನ ಕೈಗೆ ಕೊಟ್ಟು, "ನೀವ ಬಿಗಿ ಮಾಡ್ರಿ. ಎಲ್ಲಿಗೆ ನಿಲ್ಲಸ್ತೀರಿ, ನಾ ನೋಡ್ತೀನಿ," ಎಂದ. ಅವನು ನಿಲ್ಲಿಸಿದ ಕಡೆ ಇವನೂ ಉಸಿರು ಬಿಟ್ಟ.

ಎರಡು ದಿನಕ್ಕೆ ಸಮುದ್ರ ಸಿಕ್ಕಿತು. ಮರಳಿನಲ್ಲಿ ನನ್ನನ್ನು ಒರಗಿಸಿ ಮಂಡಿಯುದ್ದ ನೀರಿನಲ್ಲಿ ಬಹಳ ಹೊತ್ತು ನಿಂತ. ಅಲ್ಲಿ ಬಿಗಿಯುವಂಥದ್ದು ಏನೂ ಇರಲಿಲ್ಲ. ಮರಳುವಾಗ ರೈಲು. ನಾನು ಲಗೇಜು ಡಬ್ಬಿಯಲ್ಲಿ ಘಟ್ಟ ಏರಿದೆ, ಏನೂ ಕಾಣಲಿಲ್ಲ. ಮನೆಯಲ್ಲಿ ದ್ಯಾಮವ್ವ ಪಟ್ಟಿ ಕಟ್ಟಿದ ಅವನ ಕಿರುಬೆರಳನ್ನು ಎತ್ತಿ ಹಿಡಿದು ಮುಖ ನೋಡಿದಳು. "ಎಲುಬು ಅಷ್ಟೂ ತಂದೀನಿ," ಎಂದ ಅವನು, "ಒಂದು ಎರಡಾಗೇತಿ, ಅಷ್ಟ."

ಈಗ ಇಬ್ಬರಿಗೂ ವಯಸ್ಸಾಗಿದೆ. ನಾನು ಹಿತ್ತಿಲ ಗೋಡೆಗೆ ಒರಗಿದ್ದೇನೆ, ಕೋಳಿಗಳು ನನ್ನ ಸೀಟಿನ ಮೇಲೆ ಕೂರುತ್ತವೆ. ಗಾಳಿ ಬೀಸಿದರೆ ಗಿಲಿಗಿಲಿ ಎನ್ನುತ್ತೇನೆ, ಡ್ರಿಲ್ ಮಾಸ್ತರನ ಕಾಲದ ಹಾಗೆಯೇ. ಫಕೀರಪ್ಪ ದಿನಾ ಬೆಳಿಗ್ಗೆ ಬರುತ್ತಾನೆ. ಸ್ಪಾನರಿನಿಂದ ಒಂದೊಂದನ್ನೇ ತಟ್ಟಿ ಕಿವಿ ಕೊಡುತ್ತಾನೆ. ಠಪ್. ಠಪ್. ಠಪ್. ಸ್ಪಾನರು ಬೋಲ್ಟಿನವರೆಗೆ ಬರುತ್ತದೆ, ಅಲ್ಲೇ ನಿಲ್ಲುತ್ತದೆ.

ನಂತರ ಅವನು ಅದನ್ನು ಜೇಬಿಗೆ ಹಾಕಿ, ನನ್ನ ಪಕ್ಕ ಕುಳಿತು ಚಹಾ ಕುಡಿಯುತ್ತಾನೆ.