ಮುಂಚೆಯಮ್ಮ

ನಾನು ಮೊದಲ ಸಲ ಆಕೆಯ ರಿಪೇರಿ ಅಂಗಡಿಗೆ ಹೋದ ದಿನ, ಅಲ್ಲಿದ್ದ ಒಂದೇ ಒಂದು ಕುರ್ಚಿಯ ಮೇಲೆ ಕೆಟ್ಟ ಲ್ಯಾಪ್‌ಟಾಪುಗಳು ಒಂದರ ಮೇಲೊಂದು ಕುಳಿತಿದ್ದವು. ಒಡತಿ ಮಾತ್ರ ನಿಂತಿದ್ದರು. ನಿಂತಿದ್ದರು ಎಂದರೂ ತಪ್ಪಾದೀತು. ಮೇಜಿನಿಂದ ಬಾಗಿಲಿಗೆ, ಬಾಗಿಲಿನಿಂದ ಕಪಾಟಿಗೆ, ಕಪಾಟಿನಿಂದ ಮತ್ತೆ ಮೇಜಿಗೆ, ನೆಲ ಸುಡುತ್ತಿದೆಯೇನೋ ಎಂಬಂತೆ ಓಡಾಡುತ್ತಿದ್ದರು. ಒಂದು ಕಡೆ ಕೂರಲಾರದ ಮಕ್ಕಳನ್ನು ತರಗತಿಯಲ್ಲಿ ನಾನು ಬಹಳ ಕಂಡವನು. ಆ ಚಡಪಡಿಕೆಯನ್ನು ತಲೆ ನರೆಯುವವರೆಗೂ ಜೋಪಾನವಾಗಿ ಕಾಪಾಡಿಕೊಂಡು ಬಂದವರನ್ನು ಕಂಡದ್ದು ಅದೇ ಮೊದಲು.

ಯಾರೋ ಎತ್ತರದ ಗಂಡಸಿನ ಅಳತೆಗೆ ಹೊಲಿದಿದ್ದ ಬೂದು ಬಣ್ಣದ ಕೋಟೊಂದನ್ನು ತೋಳು ಮಡಿಚಿ ತೊಟ್ಟಿದ್ದರು. ಅದಕ್ಕೆ ಒಳಗೂ ಹೊರಗೂ ಜೇಬುಗಳು. ಬಿಚ್ಚಿದ ಒಂದೊಂದು ಯಂತ್ರದ ಸ್ಕ್ರೂಗಳಿಗೆ ಒಂದೊಂದು ಜೇಬು.

"ಏನಾಗುತ್ತೆ?" ಎಂದರು, ನನ್ನ ಕೈಯಿಂದ ಲ್ಯಾಪ್‌ಟಾಪಿನ ಚೀಲವನ್ನು ಕಸಿದುಕೊಳ್ಳುತ್ತಲೇ.

"ಕೆಲಸ ಮಾಡ್ತಾ ಇದ್ದ ಹಾಗೇ ಆರಿಹೋಗುತ್ತೆ, ತಾಯಿ."

"ಅದಕ್ಕೂ ಮುಂಚೆ?"

"ನಮ್ಮ ಸೊಸೆ ಟೈಪ್ ಮಾಡ್ತಿರ್ತಾಳೆ."

"ಅದಕ್ಕೂ ಮುಂಚೆ?"

"ಅದಕ್ಕೂ ಮುಂಚೆ ನಾನು ಹುಟ್ಟಿದೆ. ಅಲ್ಲಿಂದ ಶುರು ಮಾಡಲೇ?"

ಆಕೆ ನಗಲಿಲ್ಲ. "ಮೇಷ್ಟ್ರಾ ನೀವು? ಹಾಗಾದ್ರೆ ಇದು ನಿಮ್ಮ ಪಾಠ ಕೇಳ್ಕೊಂಡೇ ಬೆಳೆದಿರ್ಬೇಕು. ಅದಕ್ಕೇ ಕೂತಲ್ಲೇ ನಿದ್ದೆ ಹೋಗುತ್ತೆ" ಎಂದು, ಆಗಲೇ ಬೇರೆ ಕಡೆ ತಿರುಗಿದ್ದರು. ಬೀದಿಯವರೆಲ್ಲ ಆಕೆಯನ್ನು ಮುಂಚೆಯಮ್ಮ ಎಂದೇ ಕರೆಯುತ್ತಾರೆಂದು ಪಕ್ಕದ ಬೇಕರಿಯವನು ಆಮೇಲೆ ಹೇಳಿದ. ಆ ಹೆಸರು ಆಕೆಗೂ ಗೊತ್ತಿತ್ತು, ಬೇಸರವೇನೂ ಇರಲಿಲ್ಲ.

ನಮ್ಮ ಮನೆಯ ಸಂಕಟ ಇಷ್ಟು. ಮದುವೆಯಾಗಿ ಬಂದ ಹೊಸದರಲ್ಲಿಯೇ ಸೊಸೆಗೆ ಒಂದು ದೊಡ್ಡ ಕೆಲಸ ಸಿಕ್ಕಿತ್ತು: ದಾದಿಯರು ಓದುವ ಪಠ್ಯಪುಸ್ತಕವೊಂದರ ಅನುವಾದ. ಯಂತ್ರ ಹೀಗೆ ನಡುನಡುವೆ ಕಣ್ಣು ಮುಚ್ಚಿ ಪುಟಗಳನ್ನು ನುಂಗತೊಡಗಿದ ಮೇಲೆ ಅಧ್ಯಾಯಗಳು ತಡವಾಗಿ ಹೋದವು. ಇನ್ನೊಂದು ಅಧ್ಯಾಯ ತಪ್ಪಿದರೆ ಇಡೀ ಪುಸ್ತಕವನ್ನು ಬೇರೆಯವರಿಗೆ ಕೊಟ್ಟುಬಿಡುವುದಾಗಿ ಸಂಪಾದಕರು ಖಂಡಿತವಾಗಿ ಹೇಳಿಬಿಟ್ಟಿದ್ದರು.

ಮುಂಚೆಯಮ್ಮ ಒಳಗಿನ ಯಾವುದೋ ಬಿಡಿಭಾಗ ಬದಲಿಸಿದರು. ದಿನವಿಡೀ ಓಡಿಸಿ ನೋಡಿದರು, ಚೆನ್ನಾಗಿ ಓಡಿತು. "ವಾಸಿಯಾಯ್ತು, ತಗೊಂಡು ಹೋಗಿ" ಎಂದರು. ಮನೆಗೆ ಬಂದ ಮಾರನೆಯ ದಿನವೇ ಅದು ಮತ್ತೆ ಆರಿತು. ಎಲ್ಲವನ್ನೂ ಅಳಿಸಿ ಹೊಸದಾಗಿ ತುಂಬಿಕೊಟ್ಟರು. ಅಂಗಡಿಯಲ್ಲಿ ಸಾಧುವಾಗಿದ್ದರೂ ಮನೆಯಲ್ಲಿ ಮತ್ತೆ ಅದೇ ಕಥೆ. ಆಮೇಲೆ ಆಕೆಯ ಚಡಪಡಿಕೆ ನಮ್ಮದನ್ನೂ ಮೀರಿಸಿತು. ತರಕಾರಿ ತರಲು ಹೋದ ನನ್ನನ್ನು ನಡುಬೀದಿಯಲ್ಲಿ ಅಡ್ಡಗಟ್ಟಿ, "ಇವತ್ತು ಆರಿತಾ? ಯಾವಾಗ? ಅದಕ್ಕೂ ಮುಂಚೆ?" ಎಂದು ವಿಚಾರಿಸುವರು, ಉತ್ತರ ಮುಗಿಯುವ ಮೊದಲೇ ತಲೆ ಕೊಡವಿಕೊಂಡು ಹೊರಟುಹೋಗುವರು. ಸೊಸೆಯನ್ನಂತೂ ಒಮ್ಮೆ, "ಏನಮ್ಮಾ, ನನ್ನ ಮರ್ಯಾದೆ ತೆಗೀಬೇಕು ಅಂತ ನೀನೇ ಆರಿಸ್ತಿದ್ದೀಯಾ?" ಎಂದು ಗದರಿಸಿಯೇ ಬಿಟ್ಟರು.

ಕೊನೆಗೆ, ಅಧ್ಯಾಯ ಕಳುಹಿಸಬೇಕಾಗಿದ್ದ ದಿನ ಬೆಳಿಗ್ಗೆ, ಆಕೆಯೇ ನಮ್ಮ ಮನೆಗೆ ನುಗ್ಗಿದರು. "ಅದು ಸಾಯೋದನ್ನ ನಾನು ಕಣ್ಣಾರೆ ನೋಡ್ಬೇಕು. ದಿನಾ ಹೇಗೆ ಮಾಡ್ತೀಯೋ ಹಾಗೇ ಮಾಡು."

ಸೊಸೆ ದಿನದಂತೆ ಕಿಟಕಿಯ ಬಳಿ ಕುಳಿತಳು. ದಿನದಂತೆಯೇ, ನನ್ನ ಹೆಂಡತಿ ಹೆಣೆದುಕೊಟ್ಟಿದ್ದ ಉಣ್ಣೆಯ ಕವಚವನ್ನು ಲ್ಯಾಪ್‌ಟಾಪಿನ ಅಡಿಗೂ ಬದಿಗಳಿಗೂ ಬಿಗಿದು, ಮೂಲೆಯ ಗುಂಡಿಗಳನ್ನು ಹಾಕಿ, ತೊಡೆಯ ಮೇಲಿಟ್ಟುಕೊಂಡಳು. ತಣ್ಣನೆಯ ಲೋಹ ತಾಗಿ ಹುಡುಗಿಗೆ ಶೀತವಾದೀತೆಂದು ಅತ್ತೆ ಕೊಟ್ಟ ಮೊದಲ ಉಡುಗೊರೆ ಅದು.

ಮುಂಚೆಯಮ್ಮನ ಓಡಾಟ ನಿಂತಿತು. "ಇದೇನು? ಅಂಗಡಿಗೆ ತಂದಾಗ ಇರಲಿಲ್ವಲ್ಲ?"

"ಅಲ್ಲಿ ಧೂಳು, ಕೊಳೆಯಾಗುತ್ತೆ ಅಂತ ಬಿಚ್ಚಿಟ್ಟು ಕಳಿಸ್ತಿದ್ದೆ. ಅತ್ತೆ ಹೆಣೆದದ್ದು. ಎಷ್ಟು ಬೆಚ್ಚಗಿರುತ್ತೆ ಗೊತ್ತಾ?"

"ಬೆಚ್ಚಗಿರದೆ ಏನು ಮಾಡುತ್ತೆ!" ಎಂದು ಆಕೆ ಯಂತ್ರವನ್ನು ಸ್ವಲ್ಪ ಹೊತ್ತು ಓಡಲು ಬಿಟ್ಟು, ಕವಚದೊಳಗೆ ಬೆರಳು ತೂರಿಸಿ, ಫಕ್ಕನೆ ಕೈ ಎಳೆದುಕೊಂಡರು. ಅಷ್ಟರಲ್ಲಿ ಪರದೆ ಕಪ್ಪಾಯಿತು. "ಒಲೆ ಆಗಿದೆ ಒಳಗೆ! ಇದು ಉಸಿರಾಡೋದೇ ಈ ಅಡಿಯಿಂದ. ಮೂಗಿಗೇ ಸ್ವೆಟರ್ ಹಾಕಿದ್ದೀರಲ್ರೀ!"

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ನನ್ನ ಹೆಂಡತಿಯ ಮುಖ ಬಿದ್ದುಹೋಯಿತು. "ಹಾಗಾದ್ರೆ ಇಷ್ಟು ದಿನ ಅವಳ ಕೆಲಸ ಕೆಡಿಸಿದ್ದು ನಾನೇನಾ?"

ಇಲ್ಲ ಎಂದು ಹೇಳುವ ಸುಳ್ಳು ನನಗೂ ಸೊಸೆಗೂ ಹೊಳೆಯಲಿಲ್ಲ. ಮುಂಚೆಯಮ್ಮನಿಗೆ ಅದರ ಅಗತ್ಯವೇ ಇರಲಿಲ್ಲ. "ನೀವೇ. ವಾಸಿಯಾಯ್ತು ವಾಸಿಯಾಯ್ತು ಅಂತ ಹೇಳಿ ಕಳಿಸಿದ್ದು ನಾನು. ಅಳೋದಿದ್ರೆ ಇಬ್ರೂ ಸೇರಿ ಆಮೇಲೆ ಅಳೋಣ. ಏ ಹುಡುಗಿ, ಕವಚ ಬಿಚ್ಚಿ ಇದನ್ನ ಬರೀ ಮೈಯಲ್ಲೇ ಮೇಜಿನ ಮೇಲಿಟ್ಟು ಟೈಪ್ ಮಾಡು."

ಸೊಸೆ ಮೇಜಿಗೆ ಸರಿದಳು. ನನ್ನ ಹೆಂಡತಿ ಕವಚವನ್ನು ಮೆಲ್ಲಗೆ ಮಡಿಚಿ, ಕಪಾಟಿನ ಕೆಳಗಿನ ಖಾನೆಯತ್ತ ಬಗ್ಗಿದಳು.

"ಅಲ್ಲಿಗೆ ಯಾಕೆ ಹೋಗುತ್ತೆ ಅದು? ಕತ್ತರಿ ತನ್ನಿ. ಗಾಳಿಗೆ ಕಿಟಕಿ ಬಿಡೋಣ."

"ಕತ್ತರಿಸಿದ್ರೆ ಎಲ್ಲಾ ಬಿಚ್ಕೊಂಡು ಹೋಗುತ್ತೆ ಕಣ್ರೀ. ಮೊದಲು ಅಂಚಿಗೆ ಹೊಲಿಗೆ ಬೀಳ್ಬೇಕು. ಯಾರಾದ್ರೂ ಅಲ್ಲಾಡದ ಹಾಗೆ ಬಿಗಿಯಾಗಿ ಹಿಡ್ಕೋಬೇಕು."

"ನಾನು ಹಿಡ್ಕೋತೀನಿ" ಎಂದರು ಮುಂಚೆಯಮ್ಮ.

ಆ ಬೆಳಿಗ್ಗೆಯೇ ನಾನು ಆಕೆಯನ್ನು ನಿಶ್ಚಲವಾಗಿ ಕಂಡದ್ದು. ಎರಡೂ ಕೈಗಳಿಂದ ಉಣ್ಣೆಯನ್ನು ಎಳೆದು ಹಿಡಿದು ಗೋಡೆಗೆ ಒರಗಿದ್ದರು. ಕಾಲ ಹೆಬ್ಬೆರಳು ಮಾತ್ರ ನೆಲದ ಮೇಲೆ ಕುಣಿಯುತ್ತಿತ್ತು. ಒಂದೊಂದು ಹೊಲಿಗೆಗೂ "ಆಯ್ತಾ?" ಎನ್ನುವರು, "ಗಾಳಿಗೇನು ರೈಲು ತಪ್ಪುತ್ತಾ? ಸುಮ್ನಿರಿ" ಎಂದು ನನ್ನ ಹೆಂಡತಿ ಗದರುವಳು. ಆ ಕಡೆ ಕೀಲಿಮಣೆಯ ಸದ್ದು ಒಂದು ಕ್ಷಣ ನಿಂತರೂ ಸಾಕು, ಮೂರು ತಲೆಗಳು ಒಟ್ಟಿಗೆ ಮೇಜಿನತ್ತ ತಿರುಗುತ್ತಿದ್ದವು. ಪ್ರತಿ ಸಲವೂ ಸೊಸೆ ಯಾವುದೋ ಪದಕ್ಕಾಗಿ ತಡಕಾಡುತ್ತಿದ್ದಳು, ಅಷ್ಟೆ. ಊಟದ ಹೊತ್ತಿಗೆ ಅಧ್ಯಾಯ ಸಂಪಾದಕರಿಗೆ ಹೋಯಿತು; ಪುಸ್ತಕ ಅವಳ ಕೈಯಲ್ಲಿಯೇ ಉಳಿಯಿತು.

ಮುಂಚೆಯಮ್ಮ ಈಗ ಅಂಗಡಿಯನ್ನು ಮಧ್ಯಾಹ್ನದ ಮೇಲಷ್ಟೇ ತೆರೆಯುತ್ತಾರೆ. ಬೆಳಗಿನ ಹೊತ್ತು ಮನೆಮನೆ ಅಲೆದು, ಯಂತ್ರ ಎಲ್ಲಿ ಇರುತ್ತದೆ, ಯಾರ ಮಡಿಲಲ್ಲಿ ಇರುತ್ತದೆ ಎಂದು ನೋಡಿ ಬರುತ್ತಾರೆ. ಈ ವಾರ ಒಬ್ಬ ದರ್ಜಿಯ ಬೆನ್ನು ಬಿದ್ದಿದ್ದಾರೆ. ಅವನ ಲ್ಯಾಪ್‌ಟಾಪು ಹೊಲಿಗೆಯ ಯಂತ್ರ ಓಡುವಾಗ ಮಾತ್ರ ಕೆಡುತ್ತದೆಯಂತೆ. ಅವನಿಗೆ ಸಾಕುಸಾಕಾಗಿದೆ, ಆಕೆಗೆ ಇನ್ನೂ ಸಾಕಾಗಿಲ್ಲ.

ಇಂಥವರಿಗೆ ಸಮಾಧಾನದ ಮಾತು ಆಡಲು ಬರುವುದಿಲ್ಲ. ತಪ್ಪಾಯಿತೇ ಎಂದು ಕೇಳಿದರೆ, ಹೌದು ಎಂದೇ ಹೇಳಿಬಿಡುತ್ತಾರೆ. ನಾವು ಅವರನ್ನು ಒರಟರು ಎಂದುಕೊಳ್ಳುತ್ತೇವೆ. ಆದರೆ ಮನಸ್ಸು ಕುಗ್ಗಿದವರು ತಮ್ಮ ಪ್ರೀತಿಯನ್ನು ಮಡಿಚಿ ಒಳಗಿಡಲು ಹೋದಾಗ, ಅದನ್ನು ಮತ್ತೆ ಅವರ ಕೈಗೇ ಕೊಟ್ಟು, ಇಲ್ಲಿ ಸ್ವಲ್ಪ ತಿದ್ದಿ, ನಾನು ಹಿಡಿದುಕೊಂಡಿರುತ್ತೇನೆ ಎನ್ನುವವರು ಅವರೇ.