ಸಿವರ್ಟನ ಹೆಪ್ಪು

ಬಿಯರು ಸಿಹಿಯಾಗಿತ್ತು. ಮರದ ಬಟ್ಟಲನ್ನು ತುಟಿಗೆ ಹಚ್ಚಿದ ಕೂಡಲೇ ರಸ ಹುದುಗಿಲ್ಲವೆಂದು ಅಸ್ಲಾಕನಿಗೆ ಗೊತ್ತಾಯಿತು. ಆದರೂ ಮುಖ ಕಿವುಚದೆ ನುಂಗಿ, ಬಟ್ಟಲನ್ನು ಪಕ್ಕದಲ್ಲಿದ್ದ ಊಲಾವನ ಕೈಗೆ ದಾಟಿಸಿದ.

ಬಾನಿಯಿಂದ ಪೀಪಾಯಿಗೆ ಬಿಯರು ಇಳಿಸುವ ದಿನ ನೆರೆಯವರನ್ನು ಯಾರೂ ಕರೆಯುವುದಿಲ್ಲ, ಅವರೇ ಬರುತ್ತಾರೆ. ಅಂದೂ ಬಂದಿದ್ದರು. ಕೆಳಗಿನ ಮನೆಯ ಊಲಾವ್ ಬಂದಿದ್ದ. ಅಂಗಳದಾಚೆಯ ಮನೆಯ ಗುನ್‌ವೊರ್ ಕಪ್ಪು ಶಾಲು ಹೊದ್ದು ಬಂದು, ಒಲೆಯ ಪಕ್ಕದ ಬೆಂಚಿನ ತುದಿಯಲ್ಲಿ ಕುಳಿತಿದ್ದಳು. ಅವಳ ಗಂಡ ಸಿವರ್ಟ್ ಇದ್ದಾಗ ಅದೇ ಅವನ ಜಾಗ.

ಊಲಾವ್ ಒಂದು ಗುಟುಕು ಕುಡಿದ. ಎರಡನೆಯದು ಕುಡಿಯಲಿಲ್ಲ.

"ತೋರ್ಡಿಸ್, ಒಂದು ತುಂಡು ಬ್ರೆಡ್ ತಾರಮ್ಮ," ಎಂದ ಅಸ್ಲಾಕನ ಹೆಂಡತಿಗೆ. "ನಿನ್ನ ಗಂಡ ಜಾಮ್ ಮಾಡಿದಾನೆ. ಹಚ್ಕೊಂಡು ತಿನ್ನೋಣ."

ತೋರ್ಡಿಸ್ ನಕ್ಕಳು. ಬಟ್ಟಲು ಗುನ್‌ವೊರ್ ಕೈಗೆ ಹೋದದ್ದು ಕಂಡು ನಗು ನಿಲ್ಲಿಸಿದಳು. ಗುನ್‌ವೊರ್ ನಿಧಾನವಾಗಿ, ತಳ ಕಾಣುವವರೆಗೂ ಕುಡಿದಳು. ಆಮೇಲೆ ತುಟಿ ಒರೆಸಿಕೊಂಡು, "ಬೆಚ್ಚಗಿದೆ," ಎಂದಳು. ಅದಕ್ಕಿಂತ ಹೆಚ್ಚು ಹೇಳಲು ಅವಳಿಗೂ ಏನೂ ಸಿಕ್ಕಿರಲಾರದು.

ಆ ಬಿಯರು ಹುದುಗಲೆಂದು ಹಾಕಿದ್ದು ಸಿವರ್ಟನ ಹೆಪ್ಪು. ಅವನ ಅಜ್ಜನ ಕಾಲದಿಂದ ಬಂದದ್ದು. ಪ್ರತಿ ಸಲ ನೊರೆಯಿಂದ ತೆಗೆದು, ಒಣಗಿಸಿ, ಪುಡಿಮಾಡಿ ಜಾಡಿಯಲ್ಲಿ, ಈಚೆಗೆ ಫ್ರೀಜರ್‌ನಲ್ಲಿ, ಇಟ್ಟದ್ದು. ಸಿವರ್ಟ್ ವಸಂತದಲ್ಲಿ ತೀರಿಕೊಂಡ. ಅವನಿಲ್ಲದ ಮೊದಲ ಕ್ರಿಸ್‌ಮಸ್‌ಗೆ ಅವನ ಗಟ್ಟಿ ಬಿಯರು ಮೇಜಿನ ಮೇಲೆ ಇರಲೇಬೇಕೆಂದು ಗುನ್‌ವೊರ್‌ಗೆ ಆಸೆ. ಜಾಡಿಯಲ್ಲಿದ್ದುದರಲ್ಲಿ ಅರ್ಧವನ್ನು ಕಾಗದದ ಪೊಟ್ಟಣದಲ್ಲಿ ಕಟ್ಟಿ ತಂದು, "ನಿನ್ನ ಕೈಯಲ್ಲಾದ್ರೆ ನಂಗೆ ಭಯ ಇಲ್ಲ, ನೀನು ಜೋಪಾನದ ಮನುಷ್ಯ," ಎಂದು ಅಸ್ಲಾಕನಿಗೆ ಕೊಟ್ಟಿದ್ದಳು.

"ರಸ ಎತ್ತಿ ಸುರಿದ್ಯೇನೋ?" ಊಲಾವ್ ಕೇಳಿದ.

"ಸುರಿದೆ."

"ಹೆಗಲ ಮಟ್ಟದಿಂದ? ಇಷ್ಟು ಗಟ್ಟಿ ರಸಕ್ಕೆ ಮೂರು ಸಲನಾದ್ರೂ ಬೇಕು ಮಾರಾಯ. ರಸ ಗಟ್ಟಿಯಾದಷ್ಟೂ ಹೆಪ್ಪಿಗೆ ಉಸಿರು ಕಟ್ಟುತ್ತೆ ಅಂತ ಸಿವರ್ಟ್ ಹೇಳ್ತಾನೇ ಇದ್ದ."

"ಗೊತ್ತು. ಸುರಿದೆ ಅಂದ್ನಲ್ಲ."

"ಹೆಪ್ಪು ಹಾಕೋವಾಗ ಕೂಗಿದ್ಯಾ?"

"ಕೂಗಿದೆ." ಇಷ್ಟಕ್ಕೇ ನಿಲ್ಲಿಸಬಹುದಿತ್ತು. ನಾಲಿಗೆ ನಿಲ್ಲಲಿಲ್ಲ. "ನಾನು ಮಾಡೋದೆಲ್ಲ ಮಾಡಿದೀನಿ. ಹೆಪ್ಪೇ ಹಳೇದು. ಅದ್ರಲ್ಲಿ ಜೀವ ಇರ್ಲಿಲ್ಲ, ಅಷ್ಟೆ."

ಒಲೆಯಲ್ಲಿ ಕೊಳ್ಳಿಯೊಂದು ಜಾರಿ ಬಿತ್ತು. ಗುನ್‌ವೊರ್ ಖಾಲಿ ಬಟ್ಟಲೊಳಗೆ ಏನನ್ನೋ ಹುಡುಕುವವಳಂತೆ ನೋಡಿದಳು.

"ಹಾಗಾದ್ರೆ ಸಿವರ್ಟಂದೇ ತಪ್ಪು," ಎಂದಳು. "ಇರೋದನ್ನೂ ಚೆಲ್ಲಿಬಿಡ್ತೀನಿ ಬಿಡು. ಫ್ರೀಜರ್‌ನಲ್ಲಿ ಮೀನಿಗೆ ಜಾಗ ಬೇಕಾಗಿತ್ತು."

ಶಾಲು ಬಿಗಿದುಕೊಂಡು ಅವಳು ಹೊರಟುಹೋದಳು. ಅಸ್ಲಾಕ್ ಬಾಗಿಲ ತನಕ ಹೋದ. ಅವಳು ಅಂಗಳ ದಾಟುವುದನ್ನು ನೋಡಿ, ಒಳಗೆ ಬಂದು ಕದ ಹಾಕಿದ.

ಹೆಪ್ಪು ಹಾಕಿದ ಶನಿವಾರ ನಡೆದದ್ದು ಬೇರೆಯೇ.

ಅಂದು ಬೆಳಗಿನಿಂದ ಕುದಿಸಿ ಕುದಿಸಿ ಮಾಲ್ಟಿನ ರಸ ಜೇನಿನಷ್ಟು ದಪ್ಪವಾಗಿತ್ತು. ಕುದಿದು ಅರ್ಧಕ್ಕಿಳಿದದ್ದು, ಒಂದು ಸೌಟು ಚೆಲ್ಲಿದರೂ ನಷ್ಟವೇ. ಆಗತಾನೇ ಕರೆದ ಹಾಲಿನ ಬಿಸಿಗೆ ಆರಿದ ಮೇಲೆ ಬಕೆಟ್ಟಿನಲ್ಲಿ ಹೆಗಲೆತ್ತರಕ್ಕೆ ಎತ್ತಿ, ಬಾನಿಗೆ ದಬದಬನೆ ಸುರಿಯಬೇಕು. ಗಾಳಿ ಸೇರಿ ನೊರೆ ಏಳಬೇಕು. ಅವನ ಸೊಂಟ ಹಿಡಿದಿತ್ತು. ಒಬ್ಬನಿಂದ ಎತ್ತಲಾಗದು, ಯಾರನ್ನಾದರೂ ಕರೆಯಬೇಕು. ಕರೆದರೆ ಅವರೆದುರೇ ಕೂಗಬೇಕು.

ಕೂಗುವುದೇ ಅವನಿಗೆ ದೊಡ್ಡ ಕಷ್ಟ. ಹೆಪ್ಪು ಹಾಕುವಾಗ ಎದೆ ಬಿರಿಯುವಂತೆ ಕೂಗದಿದ್ದರೆ ಬಿಯರಿಗೆ ಕಸುವು ಬರುವುದಿಲ್ಲವೆಂದು ಆ ಕಣಿವೆಯಲ್ಲಿ ಎಲ್ಲರೂ ಕೂಗುತ್ತಾರೆ, ನಂಬದವರೂ ಕೂಗುತ್ತಾರೆ. ಹಿಂದಿನ ವರ್ಷ ಅಸ್ಲಾಕ್ ಕೂಗಿದಾಗ ದನಿ ನಡುವೆ ಒಡೆದು ಕೀರಲಾಗಿತ್ತು. ಕೆಳಗಿನ ಅಂಗಳದಿಂದ ಊಲಾವ್, "ಏನಯ್ಯ, ಮೇಕೆ ಕಳ್ಕೊಂಡ್ಯಾ?" ಎಂದು ಕೇಳಿದ್ದ. ಆ ಚಳಿಗಾಲವೆಲ್ಲ, ಅಂಗಡಿಯಲ್ಲಿ, ಚರ್ಚಿನ ಮೆಟ್ಟಿಲ ಮೇಲೆ, ಮೇಕೆಯ ಸುದ್ದಿಯೇ.

ಆದ್ದರಿಂದ ಈ ಸಲ ಬಾಗಿಲು ಹಾಕಿಕೊಂಡು, ಕೊಳವೆಯ ತುದಿಯನ್ನು ಬಾನಿಯ ತಳಕ್ಕೆ ಮುಟ್ಟಿಸಿ, ಒಂದು ಹನಿಯೂ ಸದ್ದು ಮಾಡದಂತೆ ರಸ ಇಳಿಸಿದ್ದ. ಮೇಲೊಂದು ಗುಳ್ಳೆ ಕೂಡ ಎದ್ದಿರಲಿಲ್ಲ. ಹೆಪ್ಪು ಉದುರಿಸಿ, "ಹೋ" ಎಂದು, ಮಗುವನ್ನು ಮಲಗಿಸುವವರ ಹಾಗೆ ಪಿಸುಗುಟ್ಟಿದ್ದ.

ಹೆಪ್ಪನ್ನು ಉಸಿರು ಕೊಡದೆ ಕೊಂದವನು ತಾನು. ತಪ್ಪನ್ನು ಸತ್ತವನ ಮೇಲೆ ಹೊರಿಸಿದವನೂ ತಾನು. ಮೊದಲನೆಯದನ್ನಾದರೂ ಹೇಡಿತನ ಅನ್ನಬಹುದಿತ್ತು. ಎರಡನೆಯದಕ್ಕೆ ಅವನಿಗೆ ಹೆಸರು ಸಿಗಲಿಲ್ಲ.

ಮರುದಿನ ಬೆಳಿಗ್ಗೆ ಅಂಗಳ ದಾಟುವಾಗ ಹೇಳಬೇಕಾದ್ದನ್ನು ಮನಸ್ಸಿನಲ್ಲೇ ಜೋಡಿಸಿಕೊಂಡ. ಸೊಂಟನೋವಿನಿಂದ ಶುರುಮಾಡುವುದೆಂದುಕೊಂಡ. ಅದು ನೆಪದಂತೆ ಕೇಳಿಸೀತೆಂದು ಕೈಬಿಟ್ಟ. ಗುನ್‌ವೊರ್ ಅಡುಗೆಮನೆಯಲ್ಲಿ ಆಲೂಗಡ್ಡೆಯ ರೊಟ್ಟಿ ಲಟ್ಟಿಸುತ್ತಿದ್ದಳು. ಬಾಗಿಲ ಬಳಿ, ಕೋಳಿಗೆ ಹಾಕುವ ಸಿಪ್ಪೆಯ ಬುಟ್ಟಿಯ ಪಕ್ಕದಲ್ಲೇ ಜಾಡಿ ಇತ್ತು. ಅಸ್ಲಾಕನ ಕಣ್ಣು ಅಲ್ಲೇ ನೆಟ್ಟಿತು.

"ಅದನ್ನ ಚೆಲ್ಲಬೇಡಿ," ಎಂದ. ಜೋಡಿಸಿಕೊಂಡ ಮಾತೆಲ್ಲ ಹಾರಿಹೋಗಿತ್ತು. "ನಾನು ಎತ್ತಿ ಸುರೀಲಿಲ್ಲ. ಕೂಗ್ಲೂ ಇಲ್ಲ. ಹೆಪ್ಪು ಚೆನ್ನಾಗೇ ಇತ್ತು."

ಗುನ್‌ವೊರ್ ಲಟ್ಟಣಿಗೆ ನಿಲ್ಲಿಸಲಿಲ್ಲ.

"ಶನಿವಾರ ಆ ಕಿಟಕಿ ತೆಗ್ದಿಟ್ಕೊಂಡು ಕೂತಿದ್ದೆ," ಎಂದಳು. "ಸಿವರ್ಟ್ ಕೂಗಿದ್ರೆ ಗಾಜು ಅದುರ್ತಿತ್ತು. ಈ ವರ್ಷಾನೂ ಕೇಳೋಣ ಅಂತ. ಹೆಣಿಗೆ ಹಿಡ್ಕೊಂಡು ಕೂತೇ ಇದ್ದೆ, ಕೈ ಮರಗಟ್ಟೋ ತನಕ. ಏನೂ ಕೇಳಿಸ್ಲಿಲ್ಲ. ಗಾಳಿ ಆ ಕಡೆಗಿರಬೇಕು ಅಂದ್ಕೊಂಡೆ."

"ನಿನ್ನೆನೇ ಹೇಳ್ಬಹುದಿತ್ತಲ್ಲ, ಎಲ್ಲರೆದುರಿಗೆ."

"ಊಲಾವನ ಎದುರಿಗೆ? ಅವನು ಈಸ್ಟರ್ ತನಕ ಅದನ್ನೇ ಅಗೀತಿದ್ದ." ಅವಳು ಹಿಟ್ಟು ಉದುರಿಸಿದಳು. "ಅದೂ ಅಲ್ಲದೆ, ಅಷ್ಟು ಗಟ್ಟಿಯಾಗಿ ಹೇಳಿದ್ಯಲ್ಲ, ನಂಗೂ ಅನುಮಾನ ಬಂತು. ಹೆಪ್ಪು ನಿಜವಾಗ್ಲೂ ಸತ್ತಿರಬಹುದು ಅಂತ. ಎರಡು ಸಲ ಆ ಜಾಡಿ ತಗೊಂಡು ಗೊಬ್ಬರದ ಗುಂಡಿ ತನಕ ಹೋಗಿ ಬಂದೆ."

ಬಯ್ದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಅಸ್ಲಾಕ್ ಟೊಪ್ಪಿಯನ್ನು ಕೈಯಲ್ಲಿ ತಿರುಗಿಸುತ್ತ ನಿಂತ. ಅವಳು ಬಿಸಿ ರೊಟ್ಟಿಗೆ ಬೆಣ್ಣೆ ಸವರಿ, ಮಡಚಿ ಅವನ ಕೈಗಿಟ್ಟಳು.

"ಬರೋ ಶನಿವಾರ ಮತ್ತೆ ಕುದಿಸು," ಎಂದಳು. "ಬಕೆಟ್ಟಿಗೆ ನಾನೊಂದು ಕೈ ಹಾಕ್ತೀನಿ."

ಶನಿವಾರ ಗಾಳಿಯೇ ಇರಲಿಲ್ಲ. ಹೊಗೆ ನೆಟ್ಟಗೆ ಏರುತ್ತಿತ್ತು. ಬಾಗಿಲು ಹಾಕಲು ಹೋದ ಅಸ್ಲಾಕನನ್ನು ಗುನ್‌ವೊರ್ ಬರೀ ನೋಡಿದಳು. ಅವನು ಕದ ಪೂರ್ತಿ ತೆರೆದಿಟ್ಟ. ಇಬ್ಬರೂ ಸೇರಿ ಬಕೆಟ್ಟು ಎತ್ತಿ ಸುರಿದರು. ಕಪ್ಪು ರಸ ದಬದಬನೆ ಬಿದ್ದು ಅವನ ಬೂಟಿಗೂ ಅವಳ ಲಂಗಕ್ಕೂ ಸಿಡಿಯಿತು. ಮತ್ತೆ ಮೊಗೆದು, ಮತ್ತೆ ಸುರಿದರು. ಅವನ ಸೊಂಟ ಚುಳ್ ಎಂದಿತು, ಅವಳಿಗೆ ಏದುಸಿರು ಬಂತು. ಬಾನಿಯ ಮೇಲೆ ಕಂದು ನೊರೆ ಗೇಣೆತ್ತರ ನಿಂತಿತು. ಜಾಡಿಯನ್ನು ಬೋರಲು ಹಾಕಿ, ತಳ ತಟ್ಟಿ, ಕೊನೆಯ ಚೂರನ್ನೂ ಗುನ್‌ವೊರ್ ಉದುರಿಸಿದಳು.

ಈಗ ಕೂಗಬೇಕು.

ಆಗಲೇ ಅಸ್ಲಾಕನಿಗೆ ಇನ್ನೊಂದು ಹೊಳೆಯಿತು. ಊಲಾವ್ ಕೆಳಗೆ ಸೌದೆ ಒಡೆಯುತ್ತಿದ್ದ. ಈ ಕೂಗು ಅವನಿಗೆ ಕೇಳಿಸುತ್ತದೆ. ಕೇಳಿಸಿದರೆ, ಕಳೆದ ಶನಿವಾರ ಯಾಕೆ ಕೇಳಿಸಲಿಲ್ಲವೆಂದು ಅವನಿಗೆ ಅರ್ಥವಾಗುತ್ತದೆ. ಅವನಿಗೆ ಅರ್ಥವಾದದ್ದು ಸಂಜೆಯೊಳಗೆ ಇಡೀ ಕಣಿವೆಗೆ ಅರ್ಥವಾಗುತ್ತದೆ. ಅಸ್ಲಾಕ್ ಗುನ್‌ವೊರ್ ಕಡೆ ನೋಡಿದ. ತಾನು ಕೂಗಿಬಿಡುತ್ತೇನೆಂದು ಅವಳು ಹೇಳಲಿಲ್ಲ. ಖಾಲಿ ಜಾಡಿಯನ್ನು ಎದೆಗೆ ಹಿಡಿದುಕೊಂಡು ಕಾಯುತ್ತಿದ್ದಳು.

ಅವನು ಕೂಗಿದ. ದನಿ ನಡುವೆ ಒಡೆಯಿತು, ಹೋದ ವರ್ಷಕ್ಕಿಂತ ಕೆಟ್ಟದಾಗಿ.

ಕೆಳಗೆ ಕೊಡಲಿಯ ಸದ್ದು ನಿಂತಿತು.

"ಮೇಕೆ ಸಿಕ್ತೇನಯ್ಯ?" ಊಲಾವನ ದನಿ ಬಂತು. ಆಮೇಲೆ, ನಗುವಿಲ್ಲದ ದನಿಯಲ್ಲಿ, "ಲೇ ಅಸ್ಲಾಕ್, ಹಾಗಾದ್ರೆ ಹೋದ ವಾರ?"

ಅಸ್ಲಾಕ್ ಬಾಗಿಲಿಗೆ ಬಂದು ನಿಂತ.

"ಹೋದ ವಾರ ಕೂಗ್ಲಿಲ್ಲ!" ಎಂದು ಕಿರುಚಿದ. "ಸುರೀಲೂ ಇಲ್ಲ! ಹೆಪ್ಪಿಂದೇನೂ ತಪ್ಪಿಲ್ಲ, ನಂದೇ!"

ಕೆಳಗೆ ಊಲಾವನ ಕೊಡಲಿ ಮತ್ತೆ ಶುರುವಾಯಿತು. ಜೋಕಾದರೂ ಮಾಡಿದ್ದರೆ ಚೆನ್ನಾಗಿತ್ತು ಎಂದುಕೊಂಡ ಅಸ್ಲಾಕ್.

ಗುನ್‌ವೊರ್ ಬಾನಿಗೆ ಕಂಬಳಿ ಹೊದಿಸಿ, ತಾನು ತಂದಿದ್ದ ಸಿವರ್ಟನ ಹಳೆಯ ಕೋಟನ್ನೂ ಅದರ ಮೇಲೆ ಹಾಕಿದಳು. ಇಬ್ಬರೂ ಬೆಂಚಿನ ಮೇಲೆ ಕುಳಿತು ಕಾಫಿ ಕುಡಿದರು. ಕತ್ತಲಾಗುವ ಹೊತ್ತಿಗೆ ಅವಳು ಎದ್ದು, ರಸ ಹುದುಗುವ ಸಣ್ಣ ಸದ್ದಿಗಾಗಿ ಬಾನಿಯ ಹಲಗೆಗೆ ಕಿವಿ ಹಚ್ಚಿ, ಕಣ್ಣು ಮುಚ್ಚಿಕೊಂಡಳು.

"ಬಾ, ಕೇಳು," ಎಂದಳು.

ಅಸ್ಲಾಕ್ ಪಕ್ಕದಲ್ಲಿ ಮೊಣಕಾಲೂರಿ ಕಿವಿ ಹಚ್ಚಿದ. ಹಲಗೆ ತಣ್ಣಗಿತ್ತು, ಇಲ್ಲವೇ ಅವನ ಕಿವಿ ಅಷ್ಟು ಬಿಸಿಯಾಗಿತ್ತು. ಮೊದಲು ಅವನಿಗೆ ಕೇಳಿಸಿದ್ದು ತನ್ನದೇ ರಕ್ತ ಬಡಿಯುವ ಸದ್ದು.

"ಕೇಳಿಸ್ತಾ?"

"ಇನ್ನೂ ಇಲ್ಲ," ಎಂದ ಅಸ್ಲಾಕ್. ಸುಳ್ಳು ಹೇಳಲು ಅವನಿಗೆ ಧೈರ್ಯವಾಗಲಿಲ್ಲ.

"ಹಾಗೇ ಇಟ್ಕೊಂಡಿರು," ಎಂದಳು ಗುನ್‌ವೊರ್. ಅವನು ಹಾಗೆಯೇ ಇಟ್ಟುಕೊಂಡಿದ್ದ.